ಅಪೂರ್ವಳ ಬಚ್ಚಲು

ಮದುವೆಯಾಗಿ ಬಂದ ಹೊಸತರಲ್ಲೇ ಶೈಲಶ್ರೀಗೆ ಗಂಡನ ಒಂದು ಅಭ್ಯಾಸ ವಿಚಿತ್ರವಾಗಿ ಕಂಡಿತ್ತು. ಅವಳು ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡ ಸ್ವಲ್ಪ ಹೊತ್ತಿಗೆಲ್ಲ ರಾಜೀವ ಹೊರಗೆ ಬಂದು ನಿಲ್ಲುತ್ತಿದ್ದ. ಬೆರಳಿನಿಂದ ಮೆಲ್ಲಗೆ ತಟ್ಟಿ, "ಶೈಲಾ, ಅದೀಯೇನು?" ಎನ್ನುತ್ತಿದ್ದ. ಒಳಗಿನಿಂದ "ಹೂಂ" ಎಂದು ಕೇಳಿದ ಮೇಲೆಯೇ ಅವನ ಹೆಜ್ಜೆ ಸಪ್ಪಳ ದೂರವಾಗುತ್ತಿತ್ತು. ಬ್ಯಾಂಕಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಾನೆ ಎಂದುಕೊಂಡಳು. ಆದರೆ ರವಿವಾರವೂ ತಟ್ಟುತ್ತಿದ್ದ, ನೆಂಟರ ಮನೆಗೆ ಹೋದಾಗಲೂ ತಟ್ಟುತ್ತಿದ್ದ. ಒಮ್ಮೆ ತಲೆಗೆ ನೀರು ಸುರಿದುಕೊಳ್ಳುವ ಸದ್ದಿನಲ್ಲಿ ಅವನ ಕೂಗು ಕೇಳಿಸದೆ ಅವಳು ಸುಮ್ಮನಿದ್ದುಬಿಟ್ಟಳು. ರಾಜೀವ ಭುಜ ಕೊಟ್ಟು ಬಾಗಿಲು ದೂಡಿ, ಚಿಲಕ ಕಿತ್ತು ಒಳಗೆ ಬಂದ. ಒದ್ದೆ ಮೈಯಲ್ಲಿ ಬೆದರಿ ನಿಂತವಳನ್ನು ನೋಡಿ ಹಾಗೆಯೇ ಹೊರಟುಹೋದ. ಅವಳು ಸೀರೆ ಸುತ್ತಿಕೊಂಡು ಬಂದಾಗ ಚಿಲಕವನ್ನು ಕೈಯಲ್ಲಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದ. ಕಿತ್ತುಹೋದ ಚಿಲಕವನ್ನು ಆಮೇಲೆ ಯಾರೂ ಹಾಕಿಸಲಿಲ್ಲ.

ಶೈಲಶ್ರೀ ಪುಣೆಯಲ್ಲೇ ಹುಟ್ಟಿ ಬೆಳೆದವಳು. ಅವಳ ಅಪ್ಪ ಈರಣ್ಣ ವಿಜಾಪುರದ ಇಂಡಿ ತಾಲೂಕಿನ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ತೂಕ ನೋಡುತ್ತಿದ್ದ. ಸಂಜೆ ಅವನು ಮನೆಗೆ ಕಾಲಿಟ್ಟರೆ ಅಂಗಿಯ ಘಾಟಿಗೆ ಮಕ್ಕಳಿಬ್ಬರೂ ಸೀನುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಚಾಳಿನ ಹೆಂಗಸರಿಗೆಲ್ಲ ಸೇರಿ ಒಂದೇ ಬಚ್ಚಲು. ಒಳಗೆ ಹೋದವರು ಎರಡು ತಂಬಿಗೆ ನೀರು ಹೆಚ್ಚಿಗೆ ಸುರಿದುಕೊಂಡರೆ ಹೊರಗೆ ಕಾಯುತ್ತ ನಿಂತವರು ಬಾಗಿಲು ಬಡಿಯುತ್ತಿದ್ದರು. ಯಾರೂ ಕರೆಯದ, ಯಾರೂ ಬಡಿಯದ ಒಂದು ಸ್ನಾನ ಮಾಡಬೇಕು ಎನ್ನುವುದು ಆ ಹುಡುಗಿಯ ದೊಡ್ಡ ಆಸೆಯಾಗಿತ್ತು.

ಅಪ್ಪ ಬೇಗ ತೀರಿಕೊಂಡ. ತಮ್ಮ ಅಶ್ವಿನ್ ಇನ್ನೂ ಶಾಲೆಯಲ್ಲಿದ್ದ. ಶೈಲಶ್ರೀ ಟೈಪಿಂಗ್ ಕಲಿತು ಶಿವಾಜಿನಗರದ ಒಂದು ಕಾಲೇಜಿನ ಆಫೀಸು ಸೇರಿದಳು. ತಮ್ಮನ ಓದು, ತಮ್ಮನ ನೌಕರಿ, ತಮ್ಮನ ಮದುವೆ ಎಂದು ವರ್ಷಗಳು ಸರಿದವು. ಅವಳಿಗೂ ಒಂದು ಸಂಬಂಧ ಬಂದಾಗ ತಲೆಯಲ್ಲಿ ನಾಕಾರು ಬಿಳಿ ಕೂದಲು ಕಾಣಿಸಿಕೊಂಡಿದ್ದವು. ಹುಡುಗ ಬ್ಯಾಂಕಿನವನು, ಹೆಂಡತಿ ತೀರಿಕೊಂಡಿದ್ದಳು.

"ಎರಡನೇ ಸಂಬಂಧ ಆದ್ರ ಏನಾತು? ಮನಶಾ ಛಲೋ ಕಾಣ್ತಾನ. ಮಾತು ಕಡಿಮಿ, ಅಷ್ಟ," ಎಂದಳು ತಾಯಿ ನಾಗವ್ವ.

ಮೊದಲನೆಯವಳ ಹೆಸರು ಅಪೂರ್ವ. ಮದುವೆಯಾದ ಎರಡನೇ ವರ್ಷದ ಮಳೆಗಾಲದಲ್ಲಿ, ಸಮುದ್ರದ ಕಡೆಗಿನ ಅವರ ಹಳೆಯ ಮನೆಯ ಬಚ್ಚಲಲ್ಲಿ, ಎದೆ ನಿಂತು ತೀರಿಕೊಂಡಳು. ಮದುವೆ ಮಾತಿನ ದಿನ ಶೈಲಶ್ರೀಗೆ ಹೇಳಿದ್ದು ಇಷ್ಟೇ. ಆಮೇಲೆ ಆ ಹೆಸರನ್ನು ಯಾರೂ ಎತ್ತಲಿಲ್ಲ. ಪುಣೆಯ ಬಿಬವೇವಾಡಿಯ ಫ್ಲ್ಯಾಟಿನಲ್ಲಿ ಅವಳದೊಂದು ಫೋಟೋ ಇರಲಿಲ್ಲ, ಒಂದು ಸೀರೆ ಇರಲಿಲ್ಲ, ಒಂದು ಬಟ್ಟಲೂ ಇರಲಿಲ್ಲ. ಕಪಾಟಿನ ಮೂಲೆಯಲ್ಲಿ, ಹಳೆಯ ಟ್ರಂಕಿನ ತಳದಲ್ಲಿ ಶೈಲಶ್ರೀ ಹುಡುಕಿಯೂ ನೋಡಿದ್ದಳು. ಸಿಕ್ಕಿದ್ದರೆ ಹೊಟ್ಟೆಕಿಚ್ಚಾದರೂ ಪಡಬಹುದಿತ್ತು. ಮುಖವೇ ಇಲ್ಲದವಳ ಜೊತೆ ಸಂಸಾರ ಹಂಚಿಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಉಣ್ಣುವಾಗ, ಮಲಗುವಾಗ, ಗಂಡ ಮಾತಿನ ನಡುವೆ ಸುಮ್ಮನಾಗಿಬಿಟ್ಟಾಗಲೆಲ್ಲ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಕೂತಿದ್ದಾರೆ ಅನಿಸುತ್ತಿತ್ತು.

ಆ ಹಳೆಯ ಮನೆ ಇದ್ದದ್ದು ಕೊಂಕಣದ ಹರ್ಣೈ ಬಂದರಿನ ಆಚೆಗಿನ ಒಂದು ಸಣ್ಣ ಊರಿನಲ್ಲಿ. ರಾಜೀವನ ಅಜ್ಜ ಬ್ರಿಟಿಷರ ಕಾಲದಲ್ಲಿ ಉಪ್ಪಿನ ಇಲಾಖೆಯ ನೌಕರಿಗೆಂದು ಧಾರವಾಡದಿಂದ ಅಲ್ಲಿಗೆ ಹೋಗಿ, ಕೆಂಪು ಜಂಬಿಟ್ಟಿಗೆಯ ಮನೆ ಕಟ್ಟಿಸಿ ಅಲ್ಲಿಯವನೇ ಆಗಿಬಿಟ್ಟಿದ್ದ. ಹಿತ್ತಿಲ ಗೋಡೆ ದಾಟಿದರೆ ಕೇದಗೆಯ ಪೊದೆ, ಅದರಾಚೆ ಮರಳು, ಮರಳಿನಾಚೆ ಸಮುದ್ರ. ಗಣಪತಿ ಹಬ್ಬಕ್ಕೆಂದು ಶೈಲಶ್ರೀ ಮೊದಲ ಸಲ ಹೋದಾಗ ಅಡುಗೆಮನೆಯ ಪಕ್ಕದಲ್ಲೊಂದು ಬೀಗ ಹಾಕಿದ ಬಾಗಿಲು ನೋಡಿದ್ದಳು. ಅತ್ತೆ ಸರೋಜಮ್ಮ ಆಗ ಬದುಕಿದ್ದಳು. "ಅದಕ್ಕ ಕೈ ಹಚ್ಚಬ್ಯಾಡ," ಎಂದಿದ್ದಳು. ಮನೆಯವರೆಲ್ಲ ಹಿತ್ತಿಲ ಮೆಟ್ಟಿಲಿಳಿದು, ಬಾವಿಯ ಹತ್ತಿರ ತೆಂಗಿನ ಗರಿ ಕಟ್ಟಿದ ಮರೆಯಲ್ಲಿ ಸ್ನಾನ ಮಾಡುತ್ತಿದ್ದರು.

ಊರಿನ ಮಾತು ಬೇರೆ ಇತ್ತು. ಅದು ಶೈಲಶ್ರೀಯ ಕಿವಿಗೆ ಬೀಳಲು ಎರಡು ಹಬ್ಬ ಸಾಕಾಯಿತು. ಚಿಲಕ ಒಳಗಿನಿಂದ ಹಾಕಿತ್ತಂತೆ. ಹಿಂದಿನ ದಿನ ಗಂಡ ಹೆಂಡತಿಗೆ ಜಗಳವಾಗಿತ್ತಂತೆ. ಸಿಟ್ಟಿನಲ್ಲಿ ಏನೋ ತಿಂದು ಒಳಗೆ ಹೋದಳಂತೆ. ಡಾಕ್ಟರು ಎದೆ ನಿಂತಿತೆಂದು ಬರೆದುಕೊಟ್ಟರು, ಸರೋಜಮ್ಮ ಅವಸರದಲ್ಲಿ ಸಂಸ್ಕಾರ ಮಾಡಿಸಿದಳು. ಆದರೆ ಚಟ್ಟದ ಮೇಲೆ ಮಲಗಿಸಿದಾಗಲೂ ಅವಳ ಕೆನ್ನೆ ಕೆಂಪಗೆ, ಈಗಷ್ಟೇ ಬಿಸಿ ನೀರು ಹಾಕಿಕೊಂಡು ಬಂದವಳ ಹಾಗೆ ಇದ್ದವು. ಸತ್ತವರ ಕೆನ್ನೆ ಹಾಗಿರುತ್ತವೆಯೇ? ಅವಳು ಹೋಗಿಲ್ಲ, ಅಲ್ಲೇ ಇದ್ದಾಳೆ. ಮಧ್ಯಾಹ್ನ ಊರು ನಿಶ್ಶಬ್ದವಾದಾಗ ಆ ಮನೆಯೊಳಗೆ ನೀರು ಸುರಿಯುವ ಸದ್ದು ಕೇಳುತ್ತದೆ. ಇದು ಊರಿನ ಹೆಂಗಸರ ಮಾತು.

ಶೈಲಶ್ರೀ ನಿವೃತ್ತಿಗೆ ಇನ್ನೂ ಸಮಯವಿದ್ದಾಗಲೇ ನೌಕರಿ ಬಿಟ್ಟಳು. ರಾಜೀವನಿಗೆ ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ಬಿದ್ದುಹೋಗಿ, ಮಾತು ತೊದಲು ತುಂಡುಗಳಾಗಿ ಉಳಿದಿತ್ತು. ಆಸ್ಪತ್ರೆಯಲ್ಲಿ ಮೊದಲ ವಾರ, ಅರೆಪ್ರಜ್ಞೆಯಲ್ಲಿ, ಅವನು ಎಡಗೈಯಿಂದ ಮಂಚದ ಕಬ್ಬಿಣದ ಪಟ್ಟಿಯನ್ನು ತಟ್ಟುತ್ತಲೇ ಇದ್ದ. ಏನೋ ಬೇಕಿರಬೇಕೆಂದು ಶೈಲಶ್ರೀ ಬಾಯಿಯ ಹತ್ತಿರ ಕಿವಿ ಇಟ್ಟಳು.

"ಅಪೂ... ಬಾಗಿಲಾ ತೆಗಿ... ಸಿಟ್ಟಾಗಬ್ಯಾಡ... ಅಪೂ..."

ಅವಳು ಮಂಚದ ಪಟ್ಟಿ ಹಿಡಿದುಕೊಂಡು ನಿಂತಳು. ಇಷ್ಟು ವರ್ಷ ಅವನು ತನ್ನ ಬಾಗಿಲನ್ನು ಏಕೆ ತಟ್ಟುತ್ತಿದ್ದ ಎಂಬುದು ಆಗ ತಿಳಿಯಿತು. ಊರಿನವರು ಆಡುವ ಮಾತನ್ನೇ ಅವನೂ ನಂಬಿದ್ದ. ತನ್ನ ಮೇಲಿನ ಸಿಟ್ಟಿಗೆ ಒಬ್ಬಳು ಸತ್ತಳೆಂದು ನಂಬಿಕೊಂಡೇ ಬ್ಯಾಂಕಿಗೆ ಹೋಗಿದ್ದ, ಉಂಡಿದ್ದ, ಇನ್ನೊಂದು ಮದುವೆಯಾಗಿದ್ದ.

ಮನೆಗೆ ಬಂದ ಮೇಲೆ ಅವನಿಗೆ ಬೇಕಾದದ್ದು ಒಂದೇ. ಫ್ಲ್ಯಾಟಿನ ಕಿಟಕಿಯ ಕಡೆ ಎಡಗೈ ಎತ್ತಿ "ಸಮುದ್ರ" ಎನ್ನುತ್ತಿದ್ದ. ಬೆಳಿಗ್ಗೆ ಅದೇ, ಸಂಜೆಯೂ ಅದೇ. ಕೋಲು ಹಿಡಿದು ನಾಕು ಹೆಜ್ಜೆ ನಡೆಯುವಂತಾದಾಗ ಶೈಲಶ್ರೀ ಎದುರಿಗೆ ಕೂತು ಕೇಳಿದಳು.

"ಊರ ಮನಿಗೆ ಹೋಗೂಣು. ಆದ್ರ ನಿಮಗ ಹಿತ್ತಲ ಮೆಟ್ಟಲಾ ಇಳ್ಯಾಕ ಆಗೂದಿಲ್ರಿ. ಒಳಗಿನ ಬಚ್ಚಲಾ ಒಡಸಿ ಹೊಸಾದು ಮಾಡಸಬೇಕಾಗ್ತದ. ಮಾಡಸ್ಲೇನು?"

ರಾಜೀವ ಅವಳ ಮುಖ ನೋಡಿದ. ಆಮೇಲೆ ಆಗಲೆಂದು ಒಮ್ಮೆ ತಲೆ ಆಡಿಸಿ ಕಣ್ಣು ಮುಚ್ಚಿಕೊಂಡ.

ಊರಿನ ಗಾರೆ ಕೆಲಸದ ಗೌಂಡಿಗಳಲ್ಲಿ ಒಬ್ಬನೂ ಒಪ್ಪಲಿಲ್ಲ. ಒಬ್ಬ ಸೊಂಟ ನೋವೆಂದ, ಇನ್ನೊಬ್ಬ ಫೋನು ಎತ್ತುವುದನ್ನೇ ಬಿಟ್ಟ. ಕೊನೆಗೆ ಅವಳು ಪುಣೆಯ ಯೆರವಡಾದಲ್ಲಿದ್ದ ಚನ್ನವೀರನನ್ನು ಕರೆದಳು. ಸಿಂದಗಿಯ ಕಡೆಯವನು, ಅವರ ಫ್ಲ್ಯಾಟಿನ ಅಡುಗೆಕಟ್ಟೆ ಹಾಕಿದ್ದವನು. ಅವನಿಗೆ ಮುಚ್ಚಿಡದೆ ಎಲ್ಲ ಹೇಳಿದಳು.

ಚನ್ನವೀರ ಕೊರಳಿನ ಲಿಂಗದ ಕಾಯಿ ಮುಟ್ಟಿಕೊಂಡ. "ಅಂಜಿಕಿ ಅದ ಅಕ್ಕಾರ, ಇಲ್ಲ ಅನ್ನೂದಿಲ್ಲ. ಆದ್ರ ನೀವು ಜೋಡಿ ಇರ್ತೀನಿ ಅಂದ್ರ ಬರ್ತೀನ್ರಿ. ಹೊತ್ತು ಮುಳುಗಿದ ಮ್ಯಾಲ ಮಾತ್ರ ಒಳಗ ಕಾಲಿಡಂಗಿಲ್ಲ ನೋಡ್ರಿ."

ರಾಜೀವನನ್ನು ತಮ್ಮ ಅಶ್ವಿನನ ಮನೆಯಲ್ಲಿ ಬಿಟ್ಟು, ತಾಮ್ಹಿಣಿ ಘಾಟ ಇಳಿದು ಅವರಿಬ್ಬರೂ ಬಂದರು. ಚೈತ್ರದ ಬಿಸಿಲು. ಮನೆಯ ಕೀಲಿಕೈ ಇದ್ದದ್ದು ಪಕ್ಕದ ಮನೆಯ ಶೀತಲ್ ಹತ್ತಿರ. ಅಂಗಳ ಗುಡಿಸಿ, ದೀಪ ಹಚ್ಚಿ ಮನೆ ನೋಡಿಕೊಳ್ಳುತ್ತಿದ್ದವಳು ಅವಳೇ. ಬಚ್ಚಲ ಬೀಗದ ಕೀಲಿ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಉಪ್ಪುಗಾಳಿಗೆ ಬೀಗವೇ ತುಕ್ಕು ತಿಂದು ಮುದ್ದೆಯಾಗಿತ್ತು. ಚನ್ನವೀರ ಸುತ್ತಿಗೆಯಿಂದ ಒಂದು ಏಟು ಹಾಕಿದ. ಅದು ಪುಡಿಯಾಗಿ ಬಿತ್ತು.

ಒಳಗೆ ಕತ್ತಲು. ಹಸಿ ಸುಣ್ಣದ, ಹಳೆಯ ಸಾಬೂನಿನ ವಾಸನೆ. ಮೊಬೈಲಿನ ಬೆಳಕು ಹಾಯಿಸಿದಾಗ ಮೊದಲು ಕಂಡದ್ದು ಗೋಡೆಯಲ್ಲಿ ತೂಗಿದ್ದ ಗ್ಯಾಸ್ ಗೀಸರು, ತುಕ್ಕಿನ ಚಿಪ್ಪು ಎದ್ದ ಒಂದು ಡಬ್ಬಿ. ಗೂಟದ ಮೇಲಿನ ಟವೆಲ್ಲು ಮುಟ್ಟಿದ ಕೂಡಲೇ ಉದುರಿಹೋಯಿತು. ಬಿರುಕುಬಿಟ್ಟ ಸಾಬೂನಿನ ಬಿಲ್ಲೆ, ಒಂದು ಹೇರ್ ಪಿನ್ನು, ಮಗುಚಿ ಬಿದ್ದ ಪ್ಲಾಸ್ಟಿಕ್ ಚೆಂಬು. ನಲ್ಲಿಯ ಪಕ್ಕದ ಬಿಳಿ ಟೈಲ್ಸಿನ ಮೇಲೆ ಹಣೆಗೆ ಹಚ್ಚುವ ಟಿಕಳಿಗಳು ಸಾಲಾಗಿ ಅಂಟಿಕೊಂಡಿದ್ದವು. ಸ್ನಾನಕ್ಕೆ ಬಂದಾಗ ಹಣೆಯಿಂದ ತೆಗೆದು ಅಲ್ಲಿ ಅಂಟಿಸಿ ಮರೆತುಹೋದವು. ಕೆಂಪು, ಮೆರೂನು, ಒಂದು ಕಪ್ಪು. ಬಣ್ಣ ಮಾಸಿತ್ತು. ಶೈಲಶ್ರೀ ತನ್ನ ಹಣೆ ಮುಟ್ಟಿ ನೋಡಿಕೊಂಡಳು. ಇದೇ ಅಭ್ಯಾಸ ಅವಳಿಗೂ ಇತ್ತು.

"ಆ ಟೈಲ್ಸು ಒಡೀಬ್ಯಾಡ. ಆಮ್ಯಾಲ ನೋಡೂಣು," ಎಂದಳು ಚನ್ನವೀರನಿಗೆ.

ಕೆಲಸ ಶುರುವಾಯಿತು. ನೆಲದ ಫರಸಿಕಲ್ಲು ಎದ್ದಿತು, ಹಳೆಯ ಪೈಪು ಹೊರಬಂತು. ಮಧ್ಯಾಹ್ನ ಚನ್ನವೀರ ಉಂಡು ಹಿತ್ತಿಲ ಮರದಡಿ ಅಡ್ಡಾದಾಗ ಶೈಲಶ್ರೀ ಹೊರಕೋಣೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಒಳಗೆ ಯಾರೋ ಚೆಂಬಿನಲ್ಲಿ ನೀರು ಮೊಗೆದು ಸುರಿದ ಸದ್ದಾಯಿತು. ನಿಧಾನವಾಗಿ, ತಲೆಯಿಂದ ಬೆನ್ನಿಗೆ ಇಳಿಯುವ ಹಾಗೆ. ನೀರಿನ ಸಂಪರ್ಕವನ್ನು ಬೆಳಿಗ್ಗೆಯೇ ಕತ್ತರಿಸಿದ್ದರು. ಅವಳು ಅಕ್ಕಿಯ ಮೊರ ಕೆಳಗಿಟ್ಟು ಹೋಗಿ ನೋಡಿದಳು. ಅಗೆದ ನೆಲ ಒಣಗಿ ಧೂಳಾಡುತ್ತಿತ್ತು. ಸಮುದ್ರದ ಅಲೆಯ ಸದ್ದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನ ಅದೇ ಹೊತ್ತಿಗೆ ಮತ್ತೆ ಕೇಳಿತು. ಅವಳು ಎದ್ದು ಹೋಗಲಿಲ್ಲ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂತಳು.

ಮೇಲ್ಗೋಡೆಯಲ್ಲಿ ಗಾಜಿನ ಪಟ್ಟಿಗಳಿದ್ದ ಒಂದು ಬೆಳಕಿಂಡಿ ಇತ್ತು. ಆ ಬಚ್ಚಲಿಗೆ ಗಾಳಿ ಬೆಳಕಿನ ದಾರಿ ಅದೊಂದೇ. ಅದನ್ನು ಒಡೆದು ದೊಡ್ಡ ಕಿಟಕಿ ಮಾಡಬೇಕೆಂದು ಶೈಲಶ್ರೀ ಹೇಳಿದ್ದಳು. ಚನ್ನವೀರ ಸ್ಟೂಲು ಹತ್ತಿ ಗಾಜುಗಳನ್ನು ಒಂದೊಂದಾಗಿ ತೆಗೆದ. ಎಲ್ಲ ತೆಗೆದ ಮೇಲೂ ಬೆಳಕು ಬರಲಿಲ್ಲ.

"ಅಕ್ಕಾರ, ಇದರ ಹಿಂದ ತಗಡು ಅದ ನೋಡ್ರಿ. ಹೊರಗಿಂದ ಮೊಳಿ ಬಡದು ಕೂಡಿಸ್ಯಾರ."

ಹೊರಗಡೆ ಗೋಡೆಯ ತುಂಬ ಬಳ್ಳಿ ಹಬ್ಬಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಳ್ಳಿ ಹರಿದು ಹಾಕಿ ಚನ್ನವೀರ ತಗಡನ್ನು ಕಿತ್ತ. ಸೀಮೆಎಣ್ಣೆ ಡಬ್ಬಿಯನ್ನು ಬಿಚ್ಚಿ, ತಟ್ಟಿ ಚಪ್ಪಟೆ ಮಾಡಿ, ಡಾಂಬರು ಬಳಿದು, ಸುತ್ತಲೂ ಮೊಳೆ ಹೊಡೆದು ಸಂದಿಯಿಲ್ಲದ ಹಾಗೆ ಕೂಡಿಸಿದ್ದರು. ಅದು ಬಿದ್ದ ಕೂಡಲೇ ಇಷ್ಟು ವರ್ಷಗಳ ಮೇಲೆ ಬಚ್ಚಲೊಳಗೆ ಬಿಸಿಲಿನ ಒಂದು ಪಟ್ಟಿ ಇಳಿಯಿತು. ಗೀಸರಿನ ಮೇಲಿನ ಗೋಡೆಯಲ್ಲಿ ಹರಡಿದ್ದ ಕಪ್ಪು ಮಸಿ ಕಾಣಿಸಿತು.

ಶೈಲಶ್ರೀ ಆ ಮಸಿಯನ್ನು ನೋಡುತ್ತ ನಿಂತಳು. ಅವಳ ಕಾಲೇಜಿನ ಒಬ್ಬ ಪ್ರಾಧ್ಯಾಪಕಿಯ ಮಗಳು ಒಂದು ಚಳಿಗಾಲದಲ್ಲಿ ಹೀಗೇ ಹೋಗಿದ್ದಳು. ಕಿಟಕಿ ಮುಚ್ಚಿದ ಬಚ್ಚಲು, ಉರಿಯುತ್ತಿದ್ದ ಗ್ಯಾಸ್ ಗೀಸರು, ಅದರ ವಿಷದ ಹೊಗೆ. ವಾಸನೆಯಿಲ್ಲ, ಸದ್ದಿಲ್ಲ, ಕೂಗಲೂ ಆಗುವುದಿಲ್ಲ, ಮಂಪರು ಬಂದ ಹಾಗೆ ಕುಸಿದುಬಿಡುತ್ತಾರಂತೆ. ಮಾತಾಡಿಸಲು ಹೋದಾಗ ಆ ತಾಯಿ ಹೇಳಿದ ಮಾತು ಶೈಲಶ್ರೀಯ ತಲೆಯಲ್ಲಿ ಇದ್ದೇ ಇತ್ತು. "ಕೆನ್ನೆ ಹೇಗೆ ಕೆಂಪಗಿದ್ದವು ಅಂದರೆ, ಎಬ್ಬಿಸಿದರೆ ಏಳುತ್ತಾಳೆ ಅನಿಸುತ್ತಿತ್ತು." ಆ ಹೊಗೆ ರಕ್ತ ಸೇರಿದರೆ ಹಾಗಾಗುತ್ತದೆಂದು ಡಾಕ್ಟರು ಹೇಳಿದ್ದರಂತೆ.

ಅಪೂರ್ವ ಏನೂ ತಿಂದಿರಲಿಲ್ಲ. ಸಿಟ್ಟಿಗೆ ಸತ್ತಿರಲಿಲ್ಲ. ಸ್ನಾನ ಮಾಡುತ್ತಿದ್ದಳು, ಅಷ್ಟೇ.

ಚನ್ನವೀರ ಮರಳು ನೋಡಲು ಹೊರಗೆ ಹೋದಾಗ ಶೈಲಶ್ರೀ ಬಚ್ಚಲ ಬಾಗಿಲು ಮುಂದೆ ಮಾಡಿಕೊಂಡು, ಬಕೆಟ್ಟು ಬೋರಲು ಹಾಕಿ ಕೂತಳು. ಹೊರಗಡೆ ಉರಿ ಬಿಸಿಲಿದ್ದರೂ ಒಳಗೆ ಕಾಲಿನ ಬೆರಳು ತಣ್ಣಗಾದವು. ಟಿಕಳಿಗಳು ಅವಳ ಮುಖದ ಮಟ್ಟಕ್ಕೇ ಇದ್ದವು. ಕೂತು ಸ್ನಾನ ಮಾಡುವವಳ ಕೈಗೆ ಎಟಕುವ ಎತ್ತರ.

"ಅಪೂರ್ವ," ಎಂದಳು. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಯಾರೋ ಬೆನ್ನ ಹಿಂದೆ ಉಸಿರು ಹಿಡಿದು ಕೇಳುತ್ತಿರುವ ಹಾಗಾಯಿತು. ತಿರುಗಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಬಾಗಿಲು ದಡದಡ ಬಡಿಯಿತು.

"ಅಕ್ಕಾರ, ಒಳಗ ಅದೀರೇನ್ರಿ? ಅಕ್ಕಾರ!"

ಚನ್ನವೀರನ ದನಿ. ಶೈಲಶ್ರೀ ಬಕೆಟ್ಟಿನ ಮೇಲಿಂದ ಎದ್ದಳು. ಬಾಗಿಲು ತೆಗೆದಾಗ ಅವನ ಮುಖ ಬಿಳಚಿಕೊಂಡಿತ್ತು.

ಆ ಸಂಜೆ ಹೊತ್ತು ಮುಳುಗುವ ಮೊದಲು ಶೀತಲ್ ಚಹಾ ಹಿಡಿದು ಬಂದಳು. ಅಂಗಳದಲ್ಲಿ ಬಿದ್ದಿದ್ದ ತಗಡನ್ನು ಕಂಡು ಕಾಲಿನಿಂದ ಸರಿಸಿ ನಕ್ಕಳು.

"ಅಯ್ಯೋ, ಇದಿನ್ನೂ ಗಟ್ಟಿಯಾಗಿದೆಯಲ್ಲ ವಹಿನಿ," ಎಂದಳು ಮರಾಠಿಯಲ್ಲಿ; ಶೈಲಶ್ರೀ ಅವಳ ಬಾಯಲ್ಲಿ ವಹಿನಿ, ಅತ್ತಿಗೆ. "ನಮ್ಮ ಭಾವೂಜಿ ಹೊಡೆದ ತಗಡು. ಏಣಿ ಹಿಡಿದವಳು ನಾನೇ."

"ಯಾರು? ಇವರಾ?"

"ಹೌದು, ರಾಜೀವ ಭಾವೂಜಿಯೇ. ಶನಿವಾರ ಪುಣೆಯಿಂದ ಬಂದಿದ್ದರು. ಮಧ್ಯಾಹ್ನ ಅವರಿಬ್ಬರಿಗೂ ಜಗಳವಾಯಿತು. ಮಳೆಗಾಲವೆಲ್ಲ ಇಲ್ಲೇ ಅತ್ತೆಯ ಹತ್ತಿರ ಇರು ಅಂತ ಇವರು, ಪುಣೆಗೆ ಕರೆದುಕೊಂಡು ಹೋಗಿ ಅಂತ ಅವಳು. ಈ ಬಚ್ಚಲಲ್ಲಿ ಸ್ನಾನ ಮಾಡಲಿಕ್ಕೂ ಆಗುವುದಿಲ್ಲ, ಮಳೆಯ ಇರಚಲು ಮೈಮೇಲೇ ಬೀಳುತ್ತದೆ, ಚಳಿ, ಅಂತ ಅತ್ತುಬಿಟ್ಟಳು. ಭಾವೂಜಿ ಎದ್ದು ಹೊರಗೆ ಹೋದರು. ಸಂಜೆ ಆ ಮಳೆಯಲ್ಲೇ ನೆನೆಯುತ್ತ ಏಣಿ ಹತ್ತಿ ಈ ತಗಡು ಹೊಡೆದರು. ನಾಳೆ ಅವಳಿಗೆ ಬೆಚ್ಚಗಿರುತ್ತದೆ ಅಂದರು. ಪಾಪ, ಮರುದಿನ ಬೆಳಿಗ್ಗೆಯೇ..."

ಶೀತಲ್ ಅಲ್ಲಿಗೇ ನಿಂತಳು. ಅವಳ ಕಣ್ಣು ತಗಡಿನಿಂದ ಬೆಳಕಿಂಡಿಗೆ, ಅಲ್ಲಿಂದ ಅಂಗಳದ ಮೂಲೆಯಲ್ಲಿ ಇಳಿಸಿಟ್ಟಿದ್ದ ಗೀಸರಿಗೆ ಹೋಯಿತು. ಅವಳ ಊರಿಗೂ ಟಿವಿ ಬಂದಿತ್ತು, ಇಂಥ ಸುದ್ದಿಗಳು ಅವಳ ಕಿವಿಗೂ ಬಿದ್ದಿದ್ದವು.

"ವಹಿನಿ, ಅಂದರೆ..."

ಶೈಲಶ್ರೀ ಕೈ ಚಾಚಿ ಅವಳ ಬಾಯಿ ಮುಚ್ಚಿದಳು. ಶೀತಲ್‌ಳ ಕೈಯಿಂದ ಚಹಾದ ಲೋಟ ತೆಗೆದು ಕೆಳಗಿಟ್ಟಳು.

"ಅವರಿಗೆ ಇದು ಗೊತ್ತಾಗಬಾರದು," ಎಂದಳು ಶೈಲಶ್ರೀ. "ಯಾರಿಗೂ ಗೊತ್ತಾಗಬಾರದು."

"ನನ್ನ ಮಕ್ಕಳ ಆಣೆ," ಎಂದಳು ಶೀತಲ್. ಅತ್ತುಕೊಂಡೇ ಮನೆಗೆ ಹೋದಳು.

ಮಾರನೆಯ ದಿನ ತಗಡನ್ನು ಒಡೆದ ಇಟ್ಟಿಗೆಚೂರಿನ ಜೊತೆ ಹೊಸ ನೆಲದ ತಳಕ್ಕೆ ಹಾಕಿ, ಮೇಲೆ ಕಾಂಕ್ರೀಟು ಸುರಿಯಲು ಶೈಲಶ್ರೀ ಹೇಳಿದಳು. ಚನ್ನವೀರ ಏಕೆಂದು ಕೇಳಲಿಲ್ಲ. ಟಿಕಳಿಗಳಿದ್ದ ಟೈಲ್ಸನ್ನು ಅವಳೇ ಉಳಿಯಿಂದ ಬಿಡಿಸಲು ಹೋದಳು. ಅದು ನಡುವೆ ಸೀಳಿತು. ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಸಮುದ್ರಕ್ಕೆ ಬಿಟ್ಟು ಬಂದಳು.

ರಾಜೀವನನ್ನು ನೋಡಿಬರಲು ಪುಣೆಗೆ ಹೊರಟಾಗ ಬಸ್ಸು ಘಾಟ ಹತ್ತುವಷ್ಟು ಹೊತ್ತೂ ಅವಳು ಅದನ್ನೇ ಯೋಚಿಸಿದಳು. ಹೇಳದಿದ್ದರೆ, ಒಬ್ಬ ಹೆಂಗಸು ತನ್ನ ಮೇಲಿನ ಸಿಟ್ಟಿಗೆ ಪ್ರಾಣ ಬಿಟ್ಟಳು ಎಂದುಕೊಂಡೇ ಅವನು ಸಾಯುತ್ತಾನೆ. ಹೇಳಿದರೆ, ಅವಳು ಬೆಚ್ಚಗಿರಲಿ ಎಂದು ಮಳೆಯಲ್ಲಿ ನೆನೆದು ಹೊಡೆದ ಮೊಳೆಗಳೇ ಅವಳನ್ನು ಕೊಂದವು ಎಂದು ತಿಳಿದು ಸಾಯುತ್ತಾನೆ. ಎರಡರಲ್ಲಿ ಯಾವುದನ್ನು ಕೊಡುವುದು? ಕಿಟಕಿಯ ಪಕ್ಕದಲ್ಲಿ ಕೂತಿದ್ದ ಅವಳಿಗೆ, ತನ್ನ ಪಕ್ಕದ ಖಾಲಿ ಸೀಟಿನಲ್ಲಿ ಒಬ್ಬಳು ಒದ್ದೆ ತಲೆಯಲ್ಲಿ ಕೂತು ಅದೇ ಪ್ರಶ್ನೆ ಕೇಳುತ್ತಿರುವಂತೆ ಅನಿಸುತ್ತಿತ್ತು. ಪುಣೆಯ ಸ್ವಾರಗೇಟಿನಲ್ಲಿ ಬಸ್ಸು ಇಳಿಯುವಾಗ ಅವಳು ತೀರ್ಮಾನಿಸಿಯಾಗಿತ್ತು.

ಅಶ್ವಿನನ ಮನೆಯವರು ಕೆಲಸಕ್ಕೆ ಹೋದ ಮೇಲೆ, ರಾಜೀವನಿಗೆ ಉಪ್ಪಿಟ್ಟು ತಿನ್ನಿಸುತ್ತ ಹೇಳಿದಳು.

"ಬಚ್ಚಲಾ ಒಡದ್ವಿ. ಗ್ಯಾಸಿನ ಗೀಸರ್ ಇತ್ತಲ್ರಿ ಅಲ್ಲೆ. ಅದರ ಹೊಗಿ ಹೊರಗ ಹೋಗಾಕ ಹಾದಿನ ಇದ್ದಿಲ್ಲ. ಗೋಡಿ ತುಂಬ ಮಸಿ. ಅಪೂರ್ವಕ್ಕ ಏನೂ ತಿಂದಿದ್ದಿಲ್ರಿ. ಹೊಗಿಗೆ ಜೀವ ಹೋಗ್ಯಾದ. ಆಕೀಗೆ ಗೊತ್ತೂ ಆಗಿರಂಗಿಲ್ಲ. ನಿದ್ದಿ ಬಂದಂಗ ಆಗಿರ್ತದ."

ರಾಜೀವನ ಬಾಯಿ ನಿಂತಿತು. ಎಡಗೈ ಮೇಲೆದ್ದು ಗಾಳಿಯಲ್ಲಿ ಒಂದು ಚೌಕ ಬರೆಯಿತು.

"ಕಿಂ... ಕಿಂಡಿ... ಇತ್ತು. ಕಿಂಡಿ ಇತ್ತಲ್ಲಾ?"

ತಗಡಿನ ಮಾತು ಅವನ ಬಾಯಿಂದ ಬರಲಿಲ್ಲ; ಅದು ಅವನಿಗೆ ನೆನಪಿಲ್ಲವೆಂದುಕೊಂಡು ಅವಳು ಚಮಚವನ್ನು ತಟ್ಟೆಗೆ ಇಟ್ಟಳು. "ಕಣಜ ಗೂಡು ಕಟ್ಟಿದ್ದುವ್ರಿ. ಇಷ್ಟು ದೊಡ್ಡದು. ಕಿಂಡಿ ಪೂರಾ ತುಂಬಿಹೋಗಿತ್ತು. ಮಣ್ಣು, ಬರೇ ಮಣ್ಣು. ಯಾರ ತಪ್ಪೂ ಅಲ್ರಿ."

ಅವನು ಅವಳ ಮುಖದಲ್ಲಿ ಏನನ್ನೋ ಹುಡುಕಿದ. ಶೈಲಶ್ರೀ ಕಣ್ಣು ತಗ್ಗಿಸಲಿಲ್ಲ.

"ಸಿಟ್ಟು... ಆಕಿ... ಸಿಟ್ಟಿಲ್ಲ?"

"ಇಲ್ರಿ. ಸ್ನಾನಾ ಮಾಡಾಕ ಹೋಗಿದ್ಲು, ಅಷ್ಟ."

ಅವನ ಮುಖದ ಒಂದೇ ಬದಿ ಅತ್ತಿತು. ಇನ್ನೊಂದು ಬದಿ ಸುಮ್ಮನೆ ನೋಡುತ್ತಿತ್ತು. ಅವಳು ತಟ್ಟೆ ಸರಿಸಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಕಣಜದ ಗೂಡಿನ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಹೇಗೆಂದು ಅವಳಿಗೇ ದಿಗಿಲಾಯಿತು. ಆ ಹೊತ್ತಿನಿಂದ, ಅಷ್ಟು ವರ್ಷ ಅವನು ಹೊತ್ತಿದ್ದನ್ನು ತನ್ನ ಹೆಗಲಿಗೆ ಏರಿಸಿಕೊಂಡೆ ಎನ್ನುವುದು ಅವಳಿಗೆ ಗೊತ್ತಿತ್ತು.

ಮಳೆಗಾಲದ ಮೊದಲು ಬಚ್ಚಲು ಮುಗಿಯಿತು. ಆಳೆತ್ತರದ ಕಿಟಕಿ, ಹೊರಗೆ ತೆರೆದುಕೊಳ್ಳುವ ಬಾಗಿಲು, ಕಾಲು ಜಾರದ ಒರಟು ಟೈಲ್ಸು, ಗೋಡೆಗುಂಟ ತುಕ್ಕು ಹಿಡಿಯದ ಸ್ಟೀಲಿನ ಹಿಡಿಕೆಗಳು, ಕೂತು ಸ್ನಾನ ಮಾಡಲು ಕಟ್ಟೆ. ನೀರು ಮಾಳಿಗೆಯ ಮೇಲೆ ಬಿಸಿಲಿನಲ್ಲೇ ಕಾಯುತ್ತಿತ್ತು. ಕೆಲಸ ಮುಗಿಸಿ ಹೊರಟ ದಿನ ಚನ್ನವೀರ ಹೊಸ್ತಿಲಿಗೆ ತೆಂಗಿನಕಾಯಿ ಒಡೆದ.

ರಾಜೀವನನ್ನು ಕರೆತಂದ ದಿನ ಅವನು ಕೋಲೂರಿ ಬಚ್ಚಲ ಬಾಗಿಲಲ್ಲಿ ನಿಂತ. ಒಳಗೆ ಕಿಟಕಿಯ ಬೆಳಕು ಹರಡಿತ್ತು. ಕೋಲನ್ನು ಚೌಕಟ್ಟಿಗೆ ಒರಗಿಸಿ ಎಡ ಅಂಗೈಯನ್ನು ಹೊಸ ಗೋಡೆಗೆ ಹಚ್ಚಿದ. ಆಮೇಲೆ ತಾನಾಗಿಯೇ ಒಳಗೆ ಕಾಲಿಟ್ಟ. ಶೈಲಶ್ರೀ ಅವನ ಬೆನ್ನು ಉಜ್ಜಿದಳು. ಅವನ ಹಿಮ್ಮಡಿ ಊರಿದ ನೆಲದ ಕೆಳಗೆ ಏನಿದೆ ಎಂದು ನೆನೆಯದಿರಲು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅವನ ನಾಲಿಗೆ ಮೆಲ್ಲಗೆ ಸಡಿಲವಾಗತೊಡಗಿತು. ಮೊದಲು ಪದಗಳು, ಆಮೇಲೆ ಎರಡು ಮೂರು ಪದಗಳ ವಾಕ್ಯಗಳು. ಸಂಜೆ ಪಡಸಾಲೆಯಲ್ಲಿ ಕೂತು ಅವನು ಅಪೂರ್ವಳ ಮಾತೆತ್ತುತ್ತಿದ್ದ. ಅವಳು ಎಡಗೈಯಿಂದ ಬರೆಯುತ್ತಿದ್ದಳು. ಉಪ್ಪು ಹಚ್ಚಿದ ಮಾವಿನಕಾಯಿಗೆ ಪ್ರಾಣ ಬಿಡುತ್ತಿದ್ದಳು. ಲೆಕ್ಕದಲ್ಲಿ ದಡ್ಡಿ. ಸಮುದ್ರಕ್ಕೆ ಹೆದರುತ್ತಿದ್ದಳು. ದಿನಕ್ಕೊಂದು ಸಂಗತಿ ಬರುತ್ತಿತ್ತು. ಒಂದು ಫೋಟೋಕ್ಕಾಗಿ ಹುಡುಕಿದ್ದ ಶೈಲಶ್ರೀಯ ಮುಂದೆ ಈಗ ಒಬ್ಬ ಹುಡುಗಿ ಮೂಗು, ಕಣ್ಣು, ನಗು ಸಮೇತ ಎದ್ದು ಕೂರುತ್ತಿದ್ದಳು. ಅವಳಿಗೆ ಆ ಹುಡುಗಿ ಇಷ್ಟವಾದಳು. ಅದೇ ಕಷ್ಟವಾಗಿತ್ತು. ಅವನ ಮಾತು ಸುಧಾರಿಸಲೆಂದು ಬೆಳಿಗ್ಗೆ ದೇವರಿಗೆ ಕೈ ಮುಗಿಯುತ್ತಿದ್ದಳು, ಸಂಜೆ ಅವನು ಬಾಯಿ ತೆರೆದರೆ ಹೆದರುತ್ತಿದ್ದಳು. ನೆನಪುಗಳು ಮದುವೆಯಿಂದ ಹೊರಟು, ಮೊದಲ ದೀಪಾವಳಿ ದಾಟಿ, ಒಂದೊಂದಾಗಿ ಆ ಶನಿವಾರದ ಕಡೆಗೇ ನಡೆದು ಬರುತ್ತಿದ್ದವು.

ಶ್ರಾವಣದ ಒಂದು ಸಂಜೆ ಜೋರು ಮಳೆ ಹಿಡಿದಿತ್ತು. ಹಂಚಿನಿಂದ ನೀರು ಸುರಿಯುವುದನ್ನೇ ನೋಡುತ್ತಿದ್ದ ರಾಜೀವ ಇದ್ದಕ್ಕಿದ್ದಂತೆ ಹೇಳಿದ.

"ಆ ದಿನಾನೂ... ಹಿಂಗ ಮಳಿ. ನಾ ಏಣಿ..."

ಶೈಲಶ್ರೀ ಮಲ್ಲಿಗೆ ಕಟ್ಟುತ್ತಿದ್ದಳು. ದಾರ ಬೆರಳಲ್ಲೇ ನಿಂತಿತು.

ಅವನು ಮುಂದೆ ಹೇಳಲಿಲ್ಲ. ಅವನ ದೃಷ್ಟಿ ಹಿತ್ತಿಲ ಕಡೆಗೆ ಹೋಗಿ, ಅಲ್ಲಿ ನಿಂತು, ಮೆಲ್ಲಗೆ ಅವಳ ಮುಖಕ್ಕೆ ಮರಳಿತು. ಆ ಕಣ್ಣಿನಲ್ಲಿ ಮರೆವು ಇತ್ತೋ, ಎಲ್ಲ ತಿಳಿದ ಮೇಲಿನ ಕರುಣೆ ಇತ್ತೋ, ಅವಳಿಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ.

"ಏಣಿ ಏನ್ರಿ?" ಎಂದು ಕೇಳಿದಳು. ಕೇಳದೆ ಇರಲು ಆಗಲಿಲ್ಲ.

"ಏನಿಲ್ಲ," ಎಂದ ರಾಜೀವ. ಸ್ಪಷ್ಟವಾಗಿ, ಒಂದು ತೊದಲೂ ಇಲ್ಲದೆ. ಆಮೇಲೆ ಎಡಗೈ ಚಾಚಿ, ಅವಳ ಮಡಿಲಿನಿಂದ ಅರ್ಧ ಕಟ್ಟಿದ ಮಾಲೆಯ ತುದಿ ಹಿಡಿದುಕೊಂಡ. "ನೀ ಕಟ್ಟು. ನಾ ಹಿಡೀತೀನಿ."

ಅವಳು ಒಂದೊಂದೇ ಮೊಗ್ಗು ಕಟ್ಟಿದಳು. ಮಳೆ ನಿಲ್ಲುವ ತನಕ ಅವನು ದಾರದ ತುದಿ ಬಿಡಲಿಲ್ಲ.